ಸಿಗದ ಐಸಿ ಬದಲು ಸಿಗುವ ಐಸಿ: ಫ್ಲ್ಯಾಂಜರ್ ಪೆಡಲ್‌ನ ಡಿಲೇ ಚಿಪ್ ಲೆಕ್ಕ

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಗೆಳೆಯನ ಜೊತೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಗೆ ಹೋಗಿದ್ದೆ. ಗಿಟಾರ್‌ಗೆ ಒಂದು ಫ್ಲ್ಯಾಂಜರ್ ಪೆಡಲ್, ಅಂದರೆ ಸದ್ದನ್ನು ಏರಿಳಿಸುವ ಪುಟ್ಟ ಪೆಟ್ಟಿಗೆ, ಅವನೇ ಕೂತು ಮಾಡಬೇಕು ಅಂತ ಬಹಳ ದಿನದ ಆಸೆ. ಕೈಯಲ್ಲಿ ಪಾರ್ಟ್ಸ್ ಚೀಟಿ. ಅಂಗಡಿಯವರು ಚೀಟಿ ನೋಡುತ್ತಾ ಒಂದೊಂದೇ ಡಬ್ಬಿ ತೆಗೆದರು. ಸಿಡಿ4049 ಇತ್ತು. ಸಿಡಿ4013 ಇತ್ತು. ಎಲ್‌ಎಂ324, ಪ್ರೀಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್), ಐಸಿ ಬೇಸ್, ಎಲ್ಲ ಐದು ನಿಮಿಷದಲ್ಲಿ ಕೌಂಟರ್ ಮೇಲೆ ಬಂತು. ಕೊನೆಯ ಸಾಲಿಗೆ, ಸಿಗ್ನಲ್ ತಡ ಮಾಡುವ ಡಿಲೇ ಚಿಪ್‌ಗೆ ಬಂದಾಗ ಅವರ ಬೆರಳು ನಿಂತಿತು. ಎಸ್‌ಎಡಿ1024.

"ಇದು ಈಗ ಬರಲ್ಲ ಸಾರ್. ಬೇರೆ ನಂಬರ್ ಏನಾದ್ರೂ ಇದ್ರೆ ಹೇಳಿ."

ಗೆಳೆಯ ನನ್ನ ಮುಖ ನೋಡಿದ. "ಗುರು, ಹಾಗಾದ್ರೆ ಇಷ್ಟೇನಾ?"

ಇಷ್ಟೇ ಅಲ್ಲ. ಬೇರೆ ನಂಬರ್ ಇದೆ. ಆದರೆ ನಂಬರ್ ಕೇಳಿ ತಂದು ಅದೇ ಜಾಗಕ್ಕೆ ಚುಚ್ಚಿದರೆ ಕೆಲಸ ಆಗುವುದಿಲ್ಲ. ಆ ಚಿಪ್ ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ಗೊತ್ತಾದರೆ, ಯಾವುದರ ಬದಲು ಯಾವುದು ಹಾಕಬಹುದು, ಹಾಕುವಾಗ ಏನೇನು ಬದಲಿಸಬೇಕು ಅನ್ನುವುದನ್ನು ನೀವೇ ಲೆಕ್ಕ ಹಾಕಬಹುದು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಸದ್ದಿನ ವಿಷಯ. ನಲ್ಲಿ ಕೆಳಗೆ ಬಿಂದಿಗೆ ಇಟ್ಟರೆ ನೀರು ತುಂಬುತ್ತಾ ಹೋದಂತೆ ಸದ್ದು ಮೇಲೇರುತ್ತದೆ ಅಲ್ವಾ? ಅಡುಗೆಮನೆಯಲ್ಲಿ ಕೂತೇ ಬಿಂದಿಗೆ ತುಂಬುತ್ತಾ ಬಂತು ಅಂತ ಹೇಳಬಹುದು. ಫ್ಲ್ಯಾಂಜರ್‌ನ ಸದ್ದೂ ಹೆಚ್ಚುಕಡಿಮೆ ಹಾಗೆಯೇ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಗಿಟಾರ್ ಸಿಗ್ನಲ್ಲನ್ನು ಎರಡು ಪಾಲು ಮಾಡಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದನ್ನು ಒಂದು ಚೂರು ತಡ ಮಾಡಿ, ಮತ್ತೆ ಎರಡನ್ನೂ ಕೂಡಿಸುತ್ತಾರೆ. ತಡ ಎಂದರೆ ತೀರಾ ಸಣ್ಣದು, ಸುಮಾರು ಅರ್ಧ ಮಿಲಿಸೆಕೆಂಡಿನಿಂದ ಹತ್ತು ಹದಿನೈದು ಮಿಲಿಸೆಕೆಂಡ್. ಕಿವಿಗೆ ಅದು ಎಕೋ ಥರ ಬೇರೆಯಾಗಿ ಕೇಳಿಸುವುದಿಲ್ಲ. ಬದಲಿಗೆ ಕೆಲವು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ತಡ 1 ಮಿಲಿಸೆಕೆಂಡ್ ಇದ್ದರೆ 500 ಹರ್ಟ್ಸ್ ಅಳಿಸಿಹೋಗುತ್ತದೆ. ಯಾಕೆಂದರೆ 500 ಹರ್ಟ್ಸ್‌ನ ಅಲೆಗೆ ಒಂದು ಮಿಲಿಸೆಕೆಂಡ್ ಎಂದರೆ ಸರಿಯಾಗಿ ಅರ್ಧ ಸುತ್ತು. ಒಂದು ಅಲೆ ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತಿರುತ್ತದೆ. ಕೂಡಿಸಿದರೆ ಸೊನ್ನೆ. ಹಾಗೆಯೇ 1500, 2500, 3500 ಹರ್ಟ್ಸ್ ಕೂಡ ಹೋಗುತ್ತವೆ. ಗ್ರಾಫ್ ಬರೆದರೆ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ತಡ 5 ಮಿಲಿಸೆಕೆಂಡಿಗೆ ಹೋದರೆ ಈ ಸಂದುಗಳು 100, 300, 500 ಹರ್ಟ್ಸ್ ಅಂತ ಕೆಳಗೆ ಬಂದು ಒತ್ತೊತ್ತಾಗುತ್ತವೆ. ತಡವನ್ನು ಮೆಲ್ಲಗೆ ಹಿಂದೆ ಮುಂದೆ ಮಾಡಿದರೆ ಬಾಚಣಿಗೆ ಪೂರ್ತಿ ಜಾರುತ್ತದೆ. ಆ ಜಾರುವಿಕೆಯೇ ಫ್ಲ್ಯಾಂಜರ್.

ಇದು ಮುಖ್ಯ, ಯಾಕೆಂದರೆ ಪೆಡಲ್‌ಗೆ ಬೇಕಿರುವುದು ಒಂದು ನಿರ್ದಿಷ್ಟ ಐಸಿ ಅಲ್ಲ, ಒಂದು ನಿರ್ದಿಷ್ಟ ಸಮಯ. ಆ ಸಮಯವನ್ನು ಯಾವ ಚಿಪ್ ಕೊಟ್ಟರೂ ಬಾಚಣಿಗೆಯ ಹಲ್ಲು ಅದೇ ಜಾಗಕ್ಕೆ ಬಂದು ಕೂರುತ್ತದೆ.

ಇನ್ನು ಚಿಪ್ ಒಳಗೆ ಹೋಗೋಣ. ಇದಕ್ಕೆ ಬಕೆಟ್ ಬ್ರಿಗೇಡ್ ಅಂತ ಹೆಸರು. 1969ರಲ್ಲಿ ಫಿಲಿಪ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಸ್ಯಾಂಗ್‌ಸ್ಟರ್ ಮತ್ತು ಟೀರ್ ಅನ್ನುವವರು ಇದನ್ನು ಕಂಡುಹಿಡಿದರು. ಬೆಂಕಿ ಆರಿಸುವಾಗ ಜನ ಸಾಲಾಗಿ ನಿಂತು ಬಕೆಟ್ ದಾಟಿಸುವ ಚಿತ್ರ ಅವರ ಮನಸ್ಸಿನಲ್ಲಿತ್ತು. ನಮಗೆ ಅದಕ್ಕಿಂತ ಹತ್ತಿರದ ಚಿತ್ರ ಮನೆಗೆ ಮೋಲ್ಡ್ ಹಾಕುವ ದಿನದ್ದು. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ನೋಡಿರುತ್ತೀರಿ. ಕೆಳಗೆ ಮಿಕ್ಸರ್ ತಿರುಗುತ್ತಿರುತ್ತದೆ. ಅಲ್ಲಿಂದ ತಾರಸಿಯವರೆಗೆ ಆಳುಗಳ ಸಾಲು. ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತದೆ.

ಚಿಪ್ ಒಳಗೆ ಆಳುಗಳ ಜಾಗದಲ್ಲಿ ಪುಟ್ಟ ಪುಟ್ಟ ಕೆಪಾಸಿಟರ್‌ಗಳಿವೆ. ಬಾಂಡ್ಲಿಯಲ್ಲಿರುವ ಕಾಂಕ್ರೀಟ್ ಎಂದರೆ ಆ ಕ್ಷಣದ ಗಿಟಾರ್ ಸಿಗ್ನಲ್‌ನ ವೋಲ್ಟೇಜ್. ಮೇಸ್ತ್ರಿ ಕೂಗಿದಾಗಲೆಲ್ಲ ಎಲ್ಲರೂ ಒಂದು ಹೆಜ್ಜೆ ದಾಟಿಸುತ್ತಾರೆ. ಆ ಕೂಗು ಕ್ಲಾಕ್. ಸಾಲು ಉದ್ದ ಇದ್ದರೆ ತಡ ಜಾಸ್ತಿ. ಕೂಗು ಬಿರುಸಾದರೆ ತಡ ಕಡಿಮೆ.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ನಿಮ್ಮ ಕೈಯಲ್ಲಿ ತುಂಬಿದ ಬಾಂಡ್ಲಿ ಇದ್ದಾಗ ಪಕ್ಕದವನ ಕೈ ಖಾಲಿ ಇರಬೇಕು. ಇಲ್ಲದಿದ್ದರೆ ಕೊಡುವುದು ಯಾರಿಗೆ? ಹಾಗಾಗಿ ಸಾಲಿನಲ್ಲಿ ಒಬ್ಬರು ಬಿಟ್ಟು ಒಬ್ಬರ ಕೈಯಲ್ಲಿ ಮಾತ್ರ ಮಾಲು ಇರುತ್ತದೆ. ಅದಕ್ಕೇ ಈ ಚಿಪ್‌ಗಳಿಗೆ ಕ್ಲಾಕ್ ಒಂದು ಸಾಲದು. ಒಂದು ಮೇಲಿದ್ದಾಗ ಇನ್ನೊಂದು ಕೆಳಗಿರುವ ಎರಡು ಕ್ಲಾಕ್ ಬೇಕು, ಬೆಸ ಸಂಖ್ಯೆಯವರಿಗೆ ಒಂದು, ಸರಿ ಸಂಖ್ಯೆಯವರಿಗೆ ಒಂದು. ಕ್ಲಾಕ್‌ನ ಒಂದು ಪೂರ್ತಿ ಸುತ್ತಿಗೆ ಮಾಲು ಎರಡು ಹೆಜ್ಜೆ ಮುಂದೆ ಹೋಗುತ್ತದೆ. ಲೆಕ್ಕ ಹೀಗಾಗುತ್ತದೆ: ಹಂತಗಳ ಸಂಖ್ಯೆಯ ಅರ್ಧವನ್ನು ಕ್ಲಾಕ್‌ನಿಂದ ಭಾಗಿಸಿದರೆ ಬರುವುದೇ ತಡ.

1024 ಹಂತದ ಚಿಪ್ ತೆಗೆದುಕೊಳ್ಳಿ. ಅರ್ಧ 512. ಕ್ಲಾಕ್ 512 ಕಿಲೋಹರ್ಟ್ಸ್ ಕೊಟ್ಟರೆ ತಡ 1 ಮಿಲಿಸೆಕೆಂಡ್. 51.2 ಕಿಲೋಹರ್ಟ್ಸ್ ಕೊಟ್ಟರೆ 10 ಮಿಲಿಸೆಕೆಂಡ್. ಈ ಒಂದು ಭಾಗಾಕಾರ ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಈಗ ಚಿಪ್‌ಗಳ ಮನೆತನ. ಗೆಳೆಯನ ಚೀಟಿಯಲ್ಲಿದ್ದ ಎಸ್‌ಎಡಿ1024 ಅಮೆರಿಕದ ರೆಟಿಕಾನ್ ಕಂಪನಿಯದು. ಒಂದೇ ಐಸಿಯಲ್ಲಿ 512 ಹಂತದ ಎರಡು ಸಾಲು. 1970ರ ದಶಕದ ಎಲೆಕ್ಟ್ರಿಕ್ ಮಿಸ್ಟ್ರೆಸ್, ಎ/ಡಿಎ ಫ್ಲ್ಯಾಂಜರ್ ಥರದ ಫ್ಲ್ಯಾಂಜರ್ ಪೆಡಲ್‌ಗಳಲ್ಲಿ ಇದೇ ಇತ್ತು. ಆಮೇಲೆ ಜಪಾನಿನ ಮಾತ್ಸುಶಿತಾ, ಅಂದರೆ ಪ್ಯಾನಾಸಾನಿಕ್, ಎರಡು ಸರಣಿ ತಂದಿತು. ಎಂಎನ್3000 ಸರಣಿ 15 ವೋಲ್ಟ್‌ನದು. ಎಂಎನ್3200 ಸರಣಿ ಕಡಿಮೆ ವೋಲ್ಟ್‌ನದು, 5 ವೋಲ್ಟ್‌ಗೆ ಅಂತ ಮಾಡಿದ್ದು. ಕೊನೆಯ ಅಂಕಿ ಹಂತಗಳನ್ನು ಹೇಳುತ್ತದೆ. 7 ಇದ್ದರೆ 1024 ಹಂತ, ಅಂದರೆ ಎಂಎನ್3007, ಎಂಎನ್3207. 4 ಇದ್ದರೆ 512. 8 ಇದ್ದರೆ 2048. 5 ಇದ್ದರೆ 4096. ಬಾಸ್ ಕಂಪನಿಯ ಹೆಸರಾಂತ ಬಿಎಫ್-2 ಫ್ಲ್ಯಾಂಜರ್‌ನಲ್ಲಿ ಇರುವುದು ಎಂಎನ್3207.

ರೆಟಿಕಾನ್‌ನದು, ಪ್ಯಾನಾಸಾನಿಕ್‌ನದು, ಎರಡೂ ತಯಾರಿಕೆ ನಿಂತು ಬಹಳ ಕಾಲ ಆಯಿತು. ಡಿಜಿಟಲ್ ಮೆಮೊರಿ ಅಗ್ಗವಾದ ಮೇಲೆ ಎಕೋ ಮಷೀನಿಗೆ ಇವು ಬೇಕಾಗಲಿಲ್ಲ. ಉಳಿದದ್ದು ಗಿಟಾರ್ ಬಾರಿಸುವ ಒಂದಿಷ್ಟು ಜನ. ಆ ಒಂದಿಷ್ಟು ಜನರ ಬೇಡಿಕೆಯಿಂದಲೇ ಈಗ ಹೊಸ ನಕಲುಗಳು ಬಂದಿವೆ. ಇವು ಮೋಸದ ನಕಲಲ್ಲ, ಬೇರೆ ಕಂಪನಿಗಳು ತಮ್ಮದೇ ಹೆಸರಲ್ಲಿ ಮಾಡುವ ಚಿಪ್‌ಗಳು. ಕೂಲ್‌ಆಡಿಯೋದ ವಿ3207, ಬೆಲ್ಲಿಂಗ್‌ನ ಬಿಎಲ್3207, ಎಕ್ಸ್‌ವೈವ್ ಮತ್ತೆ ತಂದ ಎಂಎನ್ ಚಿಪ್‌ಗಳು.

ಹಾಗಾಗಿ ನಿಮ್ಮ ಸರ್ಕಿಟ್‌ನಲ್ಲಿ ಎಂಎನ್3207 ಇದ್ದರೆ ಚಿಂತೆ ಬೇಡ. ವಿ3207 ಅಥವಾ ಬಿಎಲ್3207 ತಂದು ಅದೇ ಬೇಸ್‌ಗೆ ಹಾಕಿ. ಅದರ ಕ್ಲಾಕ್ ಐಸಿ ಎಂಎನ್3102 ಸಿಗದಿದ್ದರೆ ವಿ3102 ಅಥವಾ ಬಿಎಲ್3102 ಹಾಕಿ. ಬಯಾಸ್ ಪ್ರೀಸೆಟ್ ಮಾತ್ರ ಹೊಸದಾಗಿ ಹೊಂದಿಸಬೇಕು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲ ಸಲ ಫ್ಲ್ಯಾಂಜರ್ ಮಾಡುವವರು ಈ ಚಿಪ್ ಇರುವ ಸರ್ಕಿಟ್ಟನ್ನೇ ಆರಿಸಿಕೊಳ್ಳಿ ಅಂತ ಒತ್ತಿ ಹೇಳುತ್ತೇನೆ.

ತಾಪತ್ರಯ ಶುರುವಾಗುವುದು ಎಂಎನ್3007 ಇರುವ ಕಡೆ ಎಂಎನ್3207 ಹಾಕಲು ಹೊರಟಾಗ. ಎರಡಕ್ಕೂ 1024 ಹಂತ. ಎರಡಕ್ಕೂ ಎಂಟು ಕಾಲು. ಕಾಲುಗಳ ಹೆಸರೂ ಒಂದೇ. 1 ಗ್ರೌಂಡ್, 2 ಮತ್ತು 6 ಕ್ಲಾಕ್, 3 ಇನ್‌ಪುಟ್, 4 ವಿಜಿಜಿ (ಚಿಪ್‌ಗೆ ಬೇಕಾದ ಇನ್ನೊಂದು ವೋಲ್ಟೇಜ್), 5 ವಿಡಿಡಿ (ಸಪ್ಲೈ), 7 ಮತ್ತು 8 ಔಟ್‌ಪುಟ್. ಇಷ್ಟೆಲ್ಲ ನೋಡಿದ ಮೇಲೆ ಯಾರಿಗಾದರೂ ಸುಮ್ನೆ ಬದಲಿಸಿಬಿಡೋಣ ಅನ್ನಿಸುತ್ತದೆ.

ನಾನೂ ಹಾಗೇ ಮಾಡಿದ್ದೆ. ಕೆಲವು ವರ್ಷದ ಹಿಂದೆ ಒಂದು ಕೋರಸ್ ಪೆಡಲ್‌ನಿಂದ ಎಂಎನ್3007 ತೆಗೆದು ಅದೇ ಬೇಸ್‌ಗೆ ಎಂಎನ್3207 ಕೂರಿಸಿ ಸ್ವಿಚ್ ಹಾಕಿದೆ. ಸದ್ದೇ ಬರಲಿಲ್ಲ. ಐಸಿ ಮೇಲೆ ಬೆರಳಿಟ್ಟೆ. ಬಿಸಿ ತಾಗಿ ಕೈ ಹಿಂದಕ್ಕೆ ಬಂತು. ಆ ಚಿಪ್ ಮತ್ತೆ ಕೆಲಸ ಮಾಡಲಿಲ್ಲ.

ಕಾರಣ ಇದು. ಎಂಎನ್3007 ಪಿ-ಚಾನೆಲ್ ಚಿಪ್. ಅದಕ್ಕೆ ವಿಡಿಡಿ ಎಂದರೆ ಮೈನಸ್ 15 ವೋಲ್ಟ್. ಎಂಎನ್3207 ಎನ್-ಚಾನೆಲ್. ಅದಕ್ಕೆ ವಿಡಿಡಿ ಎಂದರೆ ಪ್ಲಸ್ 5 ವೋಲ್ಟ್. ಸಾಮಾನ್ಯವಾಗಿ ಪೆಡಲ್‌ನಲ್ಲಿ ಇರುವುದು ಪ್ಲಸ್ 9 ವೋಲ್ಟ್ ಒಂದೇ. ಹಾಗಾಗಿ ಎಂಎನ್3007 ಬಳಸುವ ಪೆಡಲ್‌ಗಳಲ್ಲಿ ಅದನ್ನು ತಿರುಗಿಸಿ ಕಟ್ಟಿರುತ್ತಾರೆ. ಗ್ರೌಂಡ್ ಅನ್ನುವ 1ನೇ ಕಾಲಿಗೆ ಪ್ಲಸ್ 9. ವಿಡಿಡಿ ಅನ್ನುವ 5ನೇ ಕಾಲಿಗೆ ಪೆಡಲ್‌ನ ಗ್ರೌಂಡ್. ಅದೇ ಜಾಗದಲ್ಲಿ ಎಂಎನ್3207 ಕೂರಿಸಿದರೆ ಅದಕ್ಕೆ ಸಪ್ಲೈ ತಲೆಕೆಳಗಾಗಿ ಸಿಗುತ್ತದೆ. ಉಳಿಯುವುದಿಲ್ಲ.

ಬದಲಿಸಲೇಬೇಕು ಅಂತಿದ್ದರೆ 1 ಮತ್ತು 5ರ ತಂತಿ ಅದಲು ಬದಲು ಮಾಡಬೇಕು. 4ನೇ ಕಾಲಿನ ವಿಜಿಜಿ ವೋಲ್ಟೇಜ್ ಕೂಡ ಬದಲಾಗಬೇಕು. ಎಂಎನ್3207ಗೆ ಅದು ಸಪ್ಲೈನ ಹದಿನೈದರಲ್ಲಿ ಹದಿನಾಲ್ಕು ಪಾಲು. ತಿರುಗಿಸಿ ಕಟ್ಟಿದ ಎಂಎನ್3007ಗೆ ಪೆಡಲ್‌ನ ಗ್ರೌಂಡ್‌ನಿಂದ ಹದಿನೈದರಲ್ಲಿ ಒಂದು ಪಾಲು. ಕ್ಲಾಕ್ ಐಸಿಯೂ ಜೋಡಿಯಾಗಿ ಹೋಗಬೇಕು. 3007 ಜೊತೆ ಎಂಎನ್3101, 3207 ಜೊತೆ ಎಂಎನ್3102. ಜೊತೆಗೆ ವೋಲ್ಟೇಜ್ ಮಿತಿ. 3207ಗೆ 10 ವೋಲ್ಟ್ ದಾಟಿಸಬೇಡಿ. 15 ವೋಲ್ಟ್ ಇರುವ ಸರ್ಕಿಟ್ ಆದರೆ 78ಎಲ್08 ಥರದ ಒಂದು ಸಣ್ಣ ರೆಗ್ಯುಲೇಟರ್ ಹಾಕಿ ಆ ಚಿಪ್‌ಗೆ ಬೇರೆಯೇ 8 ವೋಲ್ಟ್ ಕೊಡಿ. ಸಪ್ಲೈ ಇಳಿದರೆ ಚಿಪ್ ತಾಳಿಕೊಳ್ಳುವ ಸಿಗ್ನಲ್ ಕೂಡ ಇಳಿಯುತ್ತದೆ. ಹಾಗಾಗಿ ಇನ್‌ಪುಟ್‌ನಲ್ಲಿ ಸಿಗ್ನಲ್ಲನ್ನು ಸ್ವಲ್ಪ ತಗ್ಗಿಸಿ, ಔಟ್‌ಪುಟ್‌ನಲ್ಲಿ ಆಪ್-ಆಂಪ್‌ನಿಂದ (ಸಿಗ್ನಲ್ ಹಿಗ್ಗಿಸುವ ಐಸಿ) ಅಷ್ಟೇ ಏರಿಸಬೇಕು.

ಹಂತಗಳು ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ, ಸಿಗುವ ಎಂಎನ್3208 ಹಾಕಿದರೇನು ಅಂತ ಕೆಲವರು ಕೇಳುತ್ತಾರೆ. ಭಾಗಾಕಾರ ಮಾಡಿ ನೋಡಿ. 2048 ಹಂತದಲ್ಲಿ 1 ಮಿಲಿಸೆಕೆಂಡ್ ತಡ ಬೇಕೆಂದರೆ ಕ್ಲಾಕ್ 1024 ಕಿಲೋಹರ್ಟ್ಸ್ ಬೇಕು. 4096 ಹಂತಕ್ಕೆ ಅದರ ಎರಡರಷ್ಟು. ಅಷ್ಟು ಬಿರುಸಾಗಿ ಕೂಗಿದರೆ ಆಳುಗಳು ಬಾಂಡ್ಲಿಯನ್ನು ಪೂರ್ತಿ ದಾಟಿಸುವ ಮೊದಲೇ ಮುಂದಿನ ಕೂಗು ಬಂದಿರುತ್ತದೆ. ಅರ್ಧ ಮಾಲು ಹಿಂದೆಯೇ ಉಳಿದು ಮುಂದಿನದರ ಜೊತೆ ಬೆರೆಯುತ್ತದೆ. ಸದ್ದಿನ ಮೇಲಿನ ಸ್ವರಗಳು ಮಂಕಾಗುತ್ತವೆ. ಉಲ್ಟಾ ಕಡೆಯೂ ತೊಂದರೆ ಇದೆ. 256 ಹಂತದ ಚಿಪ್‌ನಿಂದ 10 ಮಿಲಿಸೆಕೆಂಡ್ ಪಡೆಯಲು ಕ್ಲಾಕ್ 12.8 ಕಿಲೋಹರ್ಟ್ಸ್‌ಗೆ ಇಳಿಯಬೇಕು. ಅದು ಕಿವಿಗೇ ಕೇಳುವ ಸೀಟಿ. ಫ್ಲ್ಯಾಂಜರ್‌ಗೆ 512 ಅಥವಾ 1024 ಹಂತವೇ ಹದ.

ಈಗ ಗೆಳೆಯನ ಚೀಟಿಗೆ ವಾಪಸ್ ಬರೋಣ. ಎಸ್‌ಎಡಿ1024 ಬದಲಿಸುವುದು ಇದ್ದುದರಲ್ಲಿ ಕಷ್ಟದ ಕೆಲಸ. ಆದರೆ ನನಗೆ ಬಹಳ ಇಷ್ಟದ ಕೆಲಸವೂ ಇದೇ. ಚಿಪ್ ಏನು ಮಾಡುತ್ತದೆ ಅನ್ನುವುದು ಇಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ.

ಮೊದಲು ಸರ್ಕಿಟ್ ಹಾಳೆ ಬಿಡಿಸಿ ನೋಡಿ. ಐಸಿ ಒಳಗಿನ ಎರಡು ಸಾಲುಗಳನ್ನು ಹೇಗೆ ಜೋಡಿಸಿದ್ದಾರೆ? ಮೊದಲ ಸಾಲಿನ ಔಟ್‌ಪುಟ್ ಎರಡನೆಯದರ ಇನ್‌ಪುಟ್‌ಗೆ ಹೋಗಿದ್ದರೆ ಒಟ್ಟು 1024 ಹಂತ. ಎರಡೂ ಸಾಲಿಗೆ ಒಟ್ಟಿಗೇ ಸಿಗ್ನಲ್ ಹೋಗುತ್ತಿದ್ದರೆ, ಅಥವಾ ಒಂದೇ ಸಾಲು ಬಳಕೆಯಲ್ಲಿದ್ದರೆ, ಅದು 512 ಹಂತ ಮಾತ್ರ. 1024 ಆದರೆ ಎಂಎನ್3007 ಅಥವಾ ಎಂಎನ್3207 ಹಾಕಿದಾಗ ಕ್ಲಾಕ್ ಮುಟ್ಟಬೇಕಿಲ್ಲ, ತಡ ಅದೇ ಬರುತ್ತದೆ. 512 ಆದರೆ ಕ್ಲಾಕ್ ಎರಡರಷ್ಟು ಓಡಬೇಕು. ಕ್ಲಾಕ್ ಹುಟ್ಟಿಸುವ ಆಸಿಲೇಟರ್‌ನ ಟೈಮಿಂಗ್ ಕೆಪಾಸಿಟರನ್ನು ಅರ್ಧಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬೋರ್ಡ್ ಮೇಲಿನ ಬಿಡಿ ತಂತಿಗಳ ಕೆಪಾಸಿಟೆನ್ಸ್ ಕೂಡ ಸೇರುವುದರಿಂದ ಸರಿಯಾಗಿ ಎರಡು ಪಟ್ಟು ಬರುವುದಿಲ್ಲ. ಪ್ರೀಸೆಟ್‌ನಿಂದ ಸರಿದೂಗಿಸಬೇಕು.

ಎರಡನೆಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಮೇಸ್ತ್ರಿಯ ಕೂಗು ಎಲ್ಲರಿಗೂ ಕೇಳಬೇಕು. ಚಿಪ್‌ನ ಕ್ಲಾಕ್ ಕಾಲಿಗೆ ಒಳಗಿನ ನೂರಾರು ಟ್ರಾನ್ಸಿಸ್ಟರ್‌ಗಳು ತಗಲಿಕೊಂಡಿವೆ. ಹೊರಗಿನಿಂದ ನೋಡಿದರೆ ಅದು ಒಂದು ಕೆಪಾಸಿಟರ್ ಥರ ಕಾಣುತ್ತದೆ. ಎಸ್‌ಎಡಿ1024ರಲ್ಲಿ ಅದು ಒಂದು ಸಾಲಿಗೆ ಸುಮಾರು 110 ಪಿಎಫ್ (ಪಿಕೋಫ್ಯಾರಡ್). ಎಂಎನ್3007ರಲ್ಲಿ 700 ಪಿಎಫ್‌ವರೆಗೆ. ಸಿಡಿ4013 ಥರದ ಸಾಮಾನ್ಯ ಸಿಮಾಸ್ ಐಸಿಯ ಔಟ್‌ಪುಟ್ 400 ಓಂ ರೆಸಿಸ್ಟರ್ ಹಿಂದೆ ಕೂತಿದೆ ಅಂತ ಇಟ್ಟುಕೊಳ್ಳಿ. 400 ಓಂ, 700 ಪಿಎಫ್ ಗುಣಿಸಿದರೆ 0.28 ಮೈಕ್ರೋಸೆಕೆಂಡ್. ವೋಲ್ಟೇಜ್ ಶೇಕಡಾ 90ಕ್ಕೆ ಏರಲು ಅದರ 2.3 ಪಟ್ಟು, ಅಂದರೆ 0.64 ಮೈಕ್ರೋಸೆಕೆಂಡ್ ಬೇಕು. 500 ಕಿಲೋಹರ್ಟ್ಸ್ ಕ್ಲಾಕ್‌ನಲ್ಲಿ ಅರ್ಧ ಸುತ್ತಿಗೆ ಇರುವ ಸಮಯ ಬರೀ 1 ಮೈಕ್ರೋಸೆಕೆಂಡ್. ಅದರಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಏರುವುದಕ್ಕೇ ಹೋಯಿತು. ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ಚೌಕಾಕಾರದ ಅಲೆ ಇರಬೇಕಾದ ಕಡೆ ದುಂಡಗಿನ ದಿಬ್ಬ ಕಾಣುತ್ತದೆ. ಪೆಡಲ್ ಕೆಳಗಿನ ಸ್ವರದಲ್ಲಿ ಚೆನ್ನಾಗಿ ಕೆಲಸ ಮಾಡಿ, ಸ್ವೀಪ್ ಮೇಲಕ್ಕೆ ಹೋದಾಗ ಎಫೆಕ್ಟ್ ಮಾಯವಾಗುತ್ತದೆ. "ಚಿಪ್ ಸರಿಯಿಲ್ಲ" ಅಂತ ಬಿಸಾಡುವ ಎಷ್ಟೋ ಚಿಪ್‌ಗಳ ಕಥೆ ಇದೇ.

ಪರಿಹಾರ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲೂ ಸಿಗುವ ಸಿಡಿ4049. ಅದರಲ್ಲಿ ಸಿಗ್ನಲ್‌ಗೆ ಬಲ ಕೊಡುವ ಆರು ಬಫರ್ ಇವೆ. ಮೂರನ್ನು ಒಟ್ಟಿಗೆ ಕಟ್ಟಿ ಒಂದು ಕ್ಲಾಕ್‌ಗೆ, ಉಳಿದ ಮೂರನ್ನು ಇನ್ನೊಂದಕ್ಕೆ ಕೊಡಿ. ಒಬ್ಬ ಮೇಸ್ತ್ರಿಯ ಜಾಗದಲ್ಲಿ ಮೂವರು ಒಟ್ಟಿಗೆ ಕೂಗಿದ ಹಾಗೆ. 4049 ಸಿಗ್ನಲ್ಲನ್ನು ಉಲ್ಟಾ ಮಾಡುತ್ತದೆ ನಿಜ. ಎರಡೂ ಕ್ಲಾಕ್ ಉಲ್ಟಾ ಆಗುವುದರಿಂದ ತೊಂದರೆ ಇಲ್ಲ. ಇನ್ನೊಂದು ಅನುಕೂಲ ಇದೆ. ಎಂಎನ್3207ಗೆ 8 ವೋಲ್ಟ್ ಕೊಟ್ಟು, ಆಸಿಲೇಟರ್ 15 ವೋಲ್ಟ್‌ನಲ್ಲಿ ಓಡುತ್ತಿದ್ದರೆ, ಕ್ಲಾಕನ್ನೂ 8 ವೋಲ್ಟ್‌ಗೆ ಇಳಿಸಬೇಕು. 4049ರ ಇನ್‌ಪುಟ್ ತನ್ನ ಸಪ್ಲೈಗಿಂತ ಜಾಸ್ತಿ ವೋಲ್ಟೇಜ್ ತಡೆದುಕೊಳ್ಳುವ ಹಾಗೆ ಮಾಡಿದ್ದಾರೆ. 8 ವೋಲ್ಟ್ ಸಪ್ಲೈ ಕೊಟ್ಟು 15 ವೋಲ್ಟ್ ಕ್ಲಾಕ್ ಒಳಗೆ ಬಿಟ್ಟರೆ ಆಯಿತು, ಹೊರಗೆ 8 ವೋಲ್ಟ್ ಬರುತ್ತದೆ. ಬೆಸುಗೆ ಹಾಕುವ ಮುಂಚೆ ಒಂದು ಎಚ್ಚರ: ಈ ಐಸಿಯಲ್ಲಿ ಪ್ಲಸ್ ಸಪ್ಲೈ 1ನೇ ಕಾಲಿಗೆ. ಉಳಿದ ಸಿಮಾಸ್ ಐಸಿಗಳ ಅಭ್ಯಾಸದಲ್ಲಿ 16ಕ್ಕೆ ಕೊಡಬೇಡಿ, ಅಲ್ಲಿ ಒಳಗೆ ಏನೂ ಜೋಡಿಸಿಲ್ಲ.

ಡೇಟಾಶೀಟ್‌ನಲ್ಲಿ ಎಂಎನ್3007ರ ಕ್ಲಾಕ್ ಮಿತಿ 100 ಕಿಲೋಹರ್ಟ್ಸ್, ಎಂಎನ್3207ದು 200. ಅಷ್ಟಕ್ಕೇ ನಿಂತರೆ ತಡ 5.12 ಮತ್ತು 2.56 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ. ಸ್ವೀಪ್ ಮೇಲೇರುವಾಗಿನ ಆ ಸುಯ್ ಸದ್ದು ಸಿಗುವುದಿಲ್ಲ. ಪೆಡಲ್ ಮಾಡುವವರು ಗಟ್ಟಿ ಬಫರ್ ಕೊಟ್ಟು ಮಿತಿಯ ಹಲವು ಪಟ್ಟು ಓಡಿಸುತ್ತಾರೆ, ಓಡುತ್ತದೆ. ಎಲ್ಲ ಚಿಪ್ ಒಂದೇ ಥರ ಓಡುತ್ತದೆ ಅನ್ನುವ ಭರವಸೆ ಮಾತ್ರ ಇಲ್ಲ. ಎರಡು ಮೂರು ತಂದು, ಬೇಸ್‌ನಲ್ಲಿ ಹಾಕಿ ನೋಡಿ, ಚೆನ್ನಾಗಿ ಓಡುವುದನ್ನು ಇಟ್ಟುಕೊಳ್ಳಿ.

ನಮ್ಮ ಸರ್ಕಿಟ್‌ನಲ್ಲಿ ಎರಡು ಸಾಲೂ ಒಂದರ ಹಿಂದೆ ಒಂದು ಇದ್ದವು, ಸಪ್ಲೈ 15 ವೋಲ್ಟ್. ಎಂಎನ್3007 ಆರಿಸಿಕೊಂಡೆವು. ಪಿ-ಚಾನೆಲ್ ಆದ್ದರಿಂದ ತಿರುಗಿಸಿ ಕಟ್ಟಬೇಕಾಯಿತು, ಆದರೆ 15 ವೋಲ್ಟ್ ಹಾಗೇ ಕೊಡಬಹುದು, ಸಿಗ್ನಲ್‌ಗೆ ಜಾಗ ಜಾಸ್ತಿ. ಎಸ್‌ಎಡಿ1024ಗೆ ಹದಿನಾರು ಕಾಲು, ಇದಕ್ಕೆ ಎಂಟು. ಹಾಗಾಗಿ ಸಣ್ಣ ಜನರಲ್ ಪರ್ಪಸ್ ಬೋರ್ಡ್ ತುಂಡಿನ ಮೇಲೆ ಎಂಟು ಕಾಲಿನ ಬೇಸ್, 4049, ವಿಜಿಜಿಗೆ ಎರಡು ರೆಸಿಸ್ಟರ್, ಬಯಾಸ್‌ಗೆ ಒಂದು ಪ್ರೀಸೆಟ್ ಕೂರಿಸಿ, ಅದನ್ನು ಮೂಲ ಬೋರ್ಡ್ ಮೇಲೆ ಮರಿ ಬೋರ್ಡ್ ಥರ ನಿಲ್ಲಿಸಿದೆವು. 4049ರಿಂದ ಡಿಲೇ ಚಿಪ್‌ಗೆ ಹೋಗುವ ಎರಡು ತಂತಿ ಆದಷ್ಟು ಗಿಡ್ಡ ಇರಲಿ. ಈ ವೇಗದಲ್ಲಿ 4049 ಸ್ವಲ್ಪ ಬೆಚ್ಚಗಾಗುತ್ತದೆ. 15 ವೋಲ್ಟ್, 560 ಕಿಲೋಹರ್ಟ್ಸ್‌ನಲ್ಲಿ 700 ಪಿಎಫ್ ತುಂಬಿ ಖಾಲಿ ಮಾಡುವುದಕ್ಕೆ ಒಂದೊಂದು ಕ್ಲಾಕ್‌ಗೂ ಸುಮಾರು 90 ಮಿಲಿವಾಟ್ ಹೋಗುತ್ತದೆ. ಬೆಚ್ಚಗೆ ಇದ್ದರೆ ಸರಿ, ಸುಡುತ್ತಿದ್ದರೆ ಎಲ್ಲೋ ತಪ್ಪಿದೆ.

ಹಳೆಯ ಚಿಪ್ಪೇ ಬೇಕು ಅಂತ ಹುಡುಕುವವರಿಗೆ ಒಂದು ಮಾತು. ಬೇರೆ ಯಾವುದೋ ಐಸಿಯ ಮೇಲಿನ ಅಕ್ಷರ ಉಜ್ಜಿ, ಹೊಸದಾಗಿ ಎಂಎನ್3007 ಅಂತ ಬರೆದು ಮಾರುವುದು ಇದೆ. ಒಮ್ಮೆ ಐದು ತರಿಸಿದ್ದೆ. ಐದರಲ್ಲಿ ಒಂದೂ ಡಿಲೇ ಚಿಪ್ ಆಗಿರಲಿಲ್ಲ. ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಒರೆಸಿದಾಗ ಕಪ್ಪು ಬಣ್ಣ ಹತ್ತಿಗೆ ಬಂತು, ಅಡಿಯಲ್ಲಿ ಬೇರೆ ನಂಬರ್‌ನ ಗುರುತು ಕಂಡಿತು. ಅಂದಿನಿಂದ ಪೆಡಲ್‌ಗೆ ಹಾಕುವ ಮೊದಲು ಬ್ರೆಡ್‌ಬೋರ್ಡ್ ಮೇಲೆ ಪರೀಕ್ಷೆ ಮಾಡುತ್ತೇನೆ. ಕ್ಲಾಕ್ 50 ಕಿಲೋಹರ್ಟ್ಸ್ ಕೊಟ್ಟು, ಇನ್‌ಪುಟ್‌ಗೆ ಒಂದು ಸಣ್ಣ ಪಲ್ಸ್ ಬಿಟ್ಟು, ಸ್ಕೋಪ್‌ನ ಎರಡು ಚಾನೆಲ್‌ನಲ್ಲಿ ಇನ್‌ಪುಟ್, ಔಟ್‌ಪುಟ್ ನೋಡುವುದು. 1024 ಹಂತದ ಚಿಪ್ ಆದರೆ ಪಲ್ಸ್ 10 ಮಿಲಿಸೆಕೆಂಡ್ ಆದಮೇಲೆ ಹೊರಗೆ ಬರಬೇಕು. 5 ಬಂದರೆ 512 ಹಂತದ್ದು. ಏನೂ ಬರದಿದ್ದರೆ, ಬಯಾಸ್ ಒಮ್ಮೆ ಪೂರ್ತಿ ತಿರುಗಿಸಿ ನೋಡಿದ ಮೇಲೂ ಬರದಿದ್ದರೆ, ಆ ಚಿಪ್ ಬಿಡಿ. ಕ್ಲಾಕ್ ಅಳೆಯುವಾಗ ಚಿಪ್‌ನ 2 ಅಥವಾ 6ನೇ ಕಾಲಿನಲ್ಲೇ ಅಳೆಯಿರಿ. ಎಂಎನ್3102 ಥರದ ಕ್ಲಾಕ್ ಐಸಿ ಆಸಿಲೇಟರ್ ವೇಗವನ್ನು ಎರಡರಿಂದ ಭಾಗಿಸಿ ಹೊರಗೆ ಕೊಡುತ್ತದೆ. ಆಸಿಲೇಟರ್ ಕಾಲಿನಲ್ಲಿ ಅಳೆದರೆ ಎರಡು ಪಟ್ಟು ತೋರಿಸಿ ಲೆಕ್ಕ ತಪ್ಪುತ್ತದೆ.

ಬಕೆಟ್ ಬ್ರಿಗೇಡ್ ಬಿಟ್ಟು ಡಿಜಿಟಲ್ ಕಡೆ ಹೋಗಬಹುದಾ? ಪಿಟಿ2399 ಅಗ್ಗ, ಸುಲಭವಾಗಿ ಸಿಗುತ್ತದೆ, ಎಕೋ ಪೆಡಲ್‌ಗೆ ಒಳ್ಳೆಯದು. ಆದರೆ ಅದರ ತಡ ಸುಮಾರು 30 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ. ನೇರವಾಗಿ ಫ್ಲ್ಯಾಂಜರ್‌ಗೆ ಬರುವುದಿಲ್ಲ. ಎರಡು ಪಿಟಿ2399 ಹಾಕಿ, ಒಂದರಲ್ಲಿ ಮೂಲ ಸಿಗ್ನಲ್ಲನ್ನೂ ತಡ ಮಾಡಿ, ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಬಳಸಬಹುದು. ಆಗ ಒಂದು ಇನ್ನೊಂದನ್ನು ದಾಟಿ ಹೋಗುವ ಸೊಗಸಾದ ಸದ್ದು ಬರುತ್ತದೆ. ತೊಂದರೆ ಏನೆಂದರೆ ತಂತಿ ಮೀಟಿದ 30 ಮಿಲಿಸೆಕೆಂಡ್ ಆದಮೇಲೆ ಸದ್ದು ಬರುತ್ತದೆ. ಬೇಗ ಬಾರಿಸುವವರ ಬೆರಳಿಗೆ ಅದು ಗೊತ್ತಾಗುತ್ತದೆ. ಸ್ಪಿನ್ ಸೆಮಿಕಂಡಕ್ಟರ್‌ನ ಎಫ್‌ವಿ-1 ಇನ್ನೊಂದು ದಾರಿ. ಅದರೊಳಗೇ ಫ್ಲ್ಯಾಂಜ್ ಮತ್ತು ರಿವರ್ಬ್ ಸೇರಿದ ಒಂದು ಪ್ರೋಗ್ರಾಂ ಇದೆ. ಅದು 3.3 ವೋಲ್ಟ್‌ನ, ಸಣ್ಣ ಕಾಲುಗಳ ಸರ್ಫೇಸ್ ಮೌಂಟ್ ಚಿಪ್. ಬೆಸುಗೆ ಹಾಕುವ ಕೈ ಪಳಗಿರಬೇಕು. ಸದ್ದು ಶುದ್ಧ. ಬಕೆಟ್ ಬ್ರಿಗೇಡ್‌ನ ಆ ಬೆಚ್ಚಗಿನ ಒರಟು ಅದರಲ್ಲಿ ಸಿಗುವುದಿಲ್ಲ, ನನಗೆ ಆ ಒರಟೇ ಬೇಕು.

ಕೊನೆಗೆ ಬಯಾಸ್. ಹೊಸ ಚಿಪ್ ಹಾಕಿದ ಮೇಲೆ ಈ ಒಂದು ಕೆಲಸ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಚಿಪ್‌ಗೆ ಸಿಗ್ನಲ್ ಅದರ ಸರಿಯಾದ ಮಧ್ಯದಲ್ಲಿ ಕೂರಬೇಕು. ಬಾಂಡ್ಲಿ ಪೂರ್ತಿ ತುಂಬಿದ್ದರೆ ಇನ್ನೂ ಹಾಕಲು ಜಾಗ ಇರುವುದಿಲ್ಲ, ಖಾಲಿ ಇದ್ದರೆ ತೆಗೆಯಲು ಏನೂ ಇರುವುದಿಲ್ಲ. ಅರ್ಧದ ಆಸುಪಾಸಿನಲ್ಲಿ ಇರಬೇಕು. ಆ ಹದ ಒಂದೊಂದು ಚಿಪ್‌ಗೂ ಬೇರೆ ಬೇರೆ.

ಹನುಮಂತನಗರದ ಅವನ ಮನೆಯಲ್ಲಿ ರಾತ್ರಿ ಹತ್ತೂವರೆಗೆ ಕೂತೆವು. ತಡವನ್ನು ಮೆಲ್ಲಗೆ ಹಿಂದೆ ಮುಂದೆ ಮಾಡುವ ಎಲ್‌ಎಫ್‌ಓ ನಿಲ್ಲಿಸಿ, ಫೀಡ್‌ಬ್ಯಾಕ್ (ತಡವಾದ ಸಿಗ್ನಲ್ಲನ್ನು ಮತ್ತೆ ಒಳಗೆ ಬಿಡುವುದು) ಪೂರ್ತಿ ಇಳಿಸಿ, ತಡವಾದ ಸಿಗ್ನಲ್ ಮಾತ್ರ ಕೇಳುವ ಹಾಗೆ ಮಾಡಿದೆವು. ಅವನು ದಪ್ಪ ಇ ತಂತಿಯನ್ನು ಒಂದೇ ಸಮ ಮೀಟುತ್ತಾ ಹೋದ. ನಾನು ಸಣ್ಣ ಸ್ಕ್ರೂಡ್ರೈವರ್‌ನಿಂದ ಪ್ರೀಸೆಟ್ ತಿರುಗಿಸಿದೆ. ಮೊದಲು ಏನೂ ಇಲ್ಲ. ಸ್ವಲ್ಪ ತಿರುಗಿಸಿದಾಗ ಹರಿದ ಸ್ಪೀಕರ್ ಥರ ಕರಕರ ಸದ್ದು. ಇನ್ನೂ ಒಂದು ಕೂದಲೆಳೆಯಷ್ಟು. ಸದ್ದು ತುಂಬಿಕೊಂಡಿತು. ಇನ್ನೂ ಮುಂದೆ ಹೋದರೆ ಮತ್ತೆ ಕರಕರ. ಎರಡು ಕರಕರದ ನಡುವಿನ ಜಾಗ ಹುಡುಕಿ ಅಲ್ಲಿ ನಿಲ್ಲಿಸಿದೆ. ಸ್ಕೋಪ್ ಇದ್ದರೆ ಸಿಗ್ನಲ್ಲನ್ನು ಜೋರು ಮಾಡಿ, ಅಲೆಯ ತಲೆ ಮತ್ತು ಬುಡ ಒಟ್ಟಿಗೇ ಚಪ್ಪಟೆಯಾಗುವ ಜಾಗ ನೋಡಬೇಕು. ಕಿವಿಯಿಂದಲೂ ಅದೇ ಜಾಗಕ್ಕೆ ಬರಬಹುದು. ಆಮೇಲೆ ಎರಡು ಔಟ್‌ಪುಟ್ ನಡುವೆ ಬ್ಯಾಲೆನ್ಸ್ ಪ್ರೀಸೆಟ್ ಇದ್ದರೆ, ಗಿಟಾರ್ ಸುಮ್ಮನಿರುವಾಗ ಕ್ಲಾಕ್‌ನ ಸೀಟಿ ಕಡಿಮೆ ಕೇಳುವ ಹಾಗೆ ಅದನ್ನು ತಿರುಗಿಸಿ.

ಎಲ್‌ಎಫ್‌ಓ ಮತ್ತೆ ಜೋಡಿಸಿ, ಫೀಡ್‌ಬ್ಯಾಕ್ ಅರ್ಧಕ್ಕೆ ಏರಿಸಿದೆವು. ಅವನು ಒಂದು ಕಾರ್ಡ್ ಹಿಡಿದು ಬಿಟ್ಟ. ಬಾಚಣಿಗೆ ಮೇಲಿಂದ ಕೆಳಗೆ ಜಾರಿತು.

ಪೆಟ್ಟಿಗೆ ಮುಚ್ಚುವ ಮುಂಚೆ ಮುಚ್ಚಳದ ಒಳಗಡೆ ಮಾರ್ಕರ್‌ನಲ್ಲಿ ನಾಲ್ಕು ಸಾಲು ಬರೆದಿಡಿ. ಮುಂದೆ ಚಿಪ್ ಬದಲಿಸುವವರಿಗೆ, ಅದು ನೀವೇ ಆಗಿದ್ದರೂ, ಬಹಳ ಉಪಯೋಗಕ್ಕೆ ಬರುತ್ತದೆ. ಗೆಳೆಯನ ಪೆಡಲ್‌ನಲ್ಲಿ ಹೀಗಿದೆ: ಚಿಪ್ ಎಂಎನ್3007, 1ನೇ ಕಾಲು ಪ್ಲಸ್. ಬಯಾಸ್ 7.9 ವೋಲ್ಟ್. ಕ್ಲಾಕ್ 42ರಿಂದ 560 ಕಿಲೋಹರ್ಟ್ಸ್. ತಡ 12.2ರಿಂದ 0.91 ಮಿಲಿಸೆಕೆಂಡ್.